ಏಳನೇ ಕಂಪ್ಯೂಟರ್

ಕೋಡಿಬಾಗದ ಐಸ್ ಕಾರ್ಖಾನೆಯ ಮಾಳಿಗೆ.
ಹನ್ನೊಂದು ಕಂಪ್ಯೂಟರ್, ಮೂವತ್ತು ಜನ.
ನಾಲ್ಕೂವರೆಗೆ ಹೈಸ್ಕೂಲಿನವರು ಏಳುವುದಿಲ್ಲ,
ಕಾಲೇಜಿನವರು ನಾವು ಕಾಯುವುದಿಲ್ಲ;
ಒಂದೇ ಬೆಂಚಿಗೆ ಇಬ್ಬರು, ಅರೆಬರೆ ಕೂತು.
ಫುರ್ಟಾಡೊ ಮೇಡಂ ರಿಜಿಸ್ಟರಿನಿಂದ ತಲೆ ಎತ್ತುವುದಿಲ್ಲ.

ನನ್ನ ಪಾಲಿಗೆ ಏಳನೆಯದು.
ಅದರ ಎಡಗಡೆಯ ಶಿಫ್ಟನ್ನು ಉಪ್ಪುಗಾಳಿ ತಿಂದಿದೆ,
ಒತ್ತಿದರೆ ಮರಳು ತುಳಿದ ಸದ್ದು.
ಒಂಬತ್ತನೇ ಇಯತ್ತೆಯ ಸುಲಕ್ಷಾ ಖಾರ್ವಿ
ಹೆಸರು ಹೊಡೆದರೆ ಪರದೆಯ ಮೇಲೆ
ಯಾರೋ ಸುಲಕ್ಷ ಕರ್ವಿ.
ದೋಣಿ ಹೋಗಿ ದೊನಿ.
‘ಅಕ್ಕಾ, ಇದು ನಮ್ಮನೆ ದೋಣಿ ಅಲ್ಲ’
ಎಂದಳು, ನಗದೆ.

ಬಲಗಡೆಯದಕ್ಕೆ ಇನ್ನೂ ಜೀವವಿದೆ, ಅದು ನನ್ನ ಕಡೆ.
ಅವಳು ಗಲ್ಲ ಎತ್ತಿದಾಗ ಒತ್ತುತ್ತೇನೆ:
ಖ. ದೀರ್ಘ. ಣ.
ನನ್ನ ಬಿಕಾಂ ಬ್ಯಾಲೆನ್ಸ್ ಶೀಟು ಮೂಲೆಯಲ್ಲಿ ಮಡಚಿಕೊಂಡು
ಅವಳ ಪ್ರಬಂಧಕ್ಕೆ ಜಾಗ ಬಿಟ್ಟಿದೆ:
ನಮ್ಮೂರ ನದಿ.

ಇವತ್ತು ಫೋನು ಬಂತೆಂದು ಮೆಟ್ಟಿಲಿಗೆ ಹೋಗಿದ್ದೆ.
ಬಂದು ನೋಡಿದರೆ
ಕಾಳಿ ಹರಿಯಬೇಕಾದಲ್ಲೆಲ್ಲ
ಕಲಿ, ಕಲಿ, ಕಲಿ,
ಸೇತುವೆ ದಾಟಿ ಪುಟದ ತುದಿಯವರೆಗೂ.

ಒಂದೊಂದೇ ತಿದ್ದಿದೆವು, ಅವಳ ಬೆರಳು, ನನ್ನ ಬೆರಳು.
ಕೊನೆಯದಕ್ಕೆ ಬಂದಾಗ ಗಲ್ಲ ಎತ್ತಲಿಲ್ಲ ಅವಳು.
‘ಇದಿರಲಿ’ ಎಂದು
ಪ್ರಿಂಟಿಗೆ ಎರಡು ರೂಪಾಯಿ ಹುಡುಕತೊಡಗಿದಳು.