ಮೊದಲ ಪ್ರಶ್ನೆ

ಏನಾಯಿತು ಅಂತ ಮೊದಲು ಕೇಳುವಂತಿಲ್ಲ.
ಎಲ್ಲಿ ಅಂತ ಕೇಳಬೇಕು.
ತರಬೇತಿಯ ಮೊದಲ ದಿನವೇ ಕಲಿಸಿದ್ದು:
ಲೈನು ಕಡಿದುಹೋದರೂ ಗಾಡಿ ಹೋಗಿ ನಿಲ್ಲಲು
ಒಂದು ಜಾಗ ಬೇಕು.
ನೋವು ಆಮೇಲೆ.

ಪುಣೆಯ ಔಂಧಿನಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ
ನಲವತ್ತು ಕುರ್ಚಿ, ನಲವತ್ತು ಹೆಡ್‌ಫೋನು.
ನನ್ನದು ಹತ್ತೊಂಬತ್ತನೆಯದು, ಕಿವಿಯ ಸ್ಪಂಜು ಹರಿದದ್ದು.
ಇಡೀ ರಾಜ್ಯ ಇಲ್ಲಿ ನರಳುತ್ತದೆ, ಮರಾಠಿಯಲ್ಲಿ, ಹಿಂದಿಯಲ್ಲಿ,
ನಂದುರಬಾರಿನ ಭಿಲ್ಲರ ಮಾತಿನಲ್ಲಿ.
ನಾವು ಅಳುವನ್ನು ಜಿಲ್ಲೆ, ತಾಲ್ಲೂಕು, ಗ್ರಾಮ ಅಂತ
ಮೂರು ಖಾನೆಗೆ ಇಳಿಸುತ್ತೇವೆ.
ಗೋಡೆಯ ಪರದೆಯಲ್ಲಿ ಹಸಿರು ಚುಕ್ಕಿ ಅಂದರೆ ಗಾಡಿ ಖಾಲಿ,
ಕೆಂಪು ಅಂದರೆ ಒಳಗೆ ಯಾರೋ ಇದ್ದಾರೆ,
ಬೂದು ಅಂದರೆ ಗ್ಯಾರೇಜು, ಇಲ್ಲ ಟೈರು,
ಇಲ್ಲವೇ ಡ್ರೈವರನ ಬಾಕಿ ಪಗಾರ.
ಡ್ರೈವರ್ ಅನ್ನಬಾರದು, ಪೈಲಟ್ ಅನ್ನಬೇಕು.
ಹೆಸರಷ್ಟೇ ಹಾರಿದೆ.

ರಾತ್ರಿ ಎರಡು ಹದಿನೇಳು.
ಹಿಂದಿಯಂಥದೇನೋ ಎರಡು ಶಬ್ದ,
ಆಮೇಲೆ ಕಟ್ಟೆಯೊಡೆದ ಕನ್ನಡ:
"ಅಕ್ಕಾರ, ನಮ್ಮಂವ ಮ್ಯಾಲಿಂದ ಬಿದ್ದಾನ್ರೀ."
ತಡವಳದ ನಮ್ಮ ಓಣಿ ಬಿಟ್ಟ ಮೇಲೆ
ಯಾರೂ ನನ್ನನ್ನು ಹೀಗೆ ಕರೆದಿರಲಿಲ್ಲ.
ಕಲಿಸಿದ್ದು ಮರೆತು, ಯಾವೂರು? ಅಂದುಬಿಟ್ಟೆ.
"ಬಳಿಚಕ್ರ್ರೀ. ಯಾದಗಿರಿ ಬಾಜೂಕ."

ತಪ್ಪು ನನ್ನದೇ.
ನಮ್ಮ ಮಾತಿನಲ್ಲಿ ಯಾವೂರು ಅಂದರೆ
ನಿಂತ ಊರಲ್ಲ, ಬಿಟ್ಟ ಊರು.
ಪರದೆಯ ಪಟ್ಟಿಯಲ್ಲಿ ಬಳಿಚಕ್ರ ಇಲ್ಲ,
ಆ ಪಟ್ಟಿ ರಾಜ್ಯದ ಗಡಿಗೆ ಮುಗಿಯುತ್ತದೆ.
ತಂಗೀ, ಈಗ ನೀ ನಿಂತ ನೆಲ ಯಾವುದು?
"ಸ್ಲ್ಯಾಬ್ ಹಾಕಲತೀವ್ರಿ. ಹೆಸರ ಮುಕಾದಮಗ ಗೊತ್ತು.
ಅಂವ ಫೋನ್ ಬಂದ್ ಮಾಡ್ಯಾನ."

ಏನ ಕಾಣಸ್ತದ?
ಕ್ರೇನಿನ ತುದಿಗೆ ಕೆಂಪು ದೀಪ.
ಅದು ಎಲ್ಲ ಕಡೆ. ಇನ್ನೇನು?
ತಗಡಿನ ಬೇಲಿಯ ಮೇಲೆ ನಗುವ ಹೆಂಗಸು, ಈಜುಕೊಳ.
ಅದೂ ಎಲ್ಲ ಕಡೆ. ಏನ ಕೇಳಸ್ತದ?
"ವಿಮಾನ. ತಲಿ ಮ್ಯಾಲೆ ಹೊಂಟದ."
ಲೋಹೆಗಾಂವ್. ಮುಕ್ಕಾಲು ಪುಣೆ ಅಳಿಸಿತು.
"ಹಣಮಪ್ಪನ ಗುಡಿ ಅದ, ಬಾಜೂಕ ಲಾರಿ ತೂಗೂ ಕಾಟಾ."
ಕಾಟಾ! ಅದು ಬಾಬನ್ ಗವ್ಹಾಣೆಗೆ ಗೊತ್ತು.
ಕೇಸನಂದ ಫಾಟಾದಲ್ಲಿ ಹಸಿರು ಚುಕ್ಕಿಯಾಗಿ ಮಲಗಿದ್ದ,
ಸೀಟು ಹಿಂದಕ್ಕೆ ಚಾಚಿ, ಶೂ ಬಿಚ್ಚದೆ.
ಗುಂಡಿ ಒತ್ತಿದೆ. ಚುಕ್ಕಿ ಹಳದಿಯಾಯಿತು.
ಹಿಂದೆ ಡಾಕ್ಟರ್ ತರನ್ನುಮ್ ಪಟವೇಗಾರ
ಸಿಲಿಂಡರಿನ ಮುಳ್ಳನ್ನು ಬೆರಳಿಂದ ತಟ್ಟಿ ನೋಡುತ್ತಿರಬೇಕು,
ಅವಳು ಮುಳ್ಳನ್ನು ನಂಬುವುದಿಲ್ಲ.

ಇನ್ನು ಹದಿನಾಲ್ಕು ನಿಮಿಷ ನಾನೇ ಗಾಡಿ.
ಕುತ್ತಿಗಿ ಅಳ್ಳಾಡಸಬ್ಯಾಡ. ಎತ್ತಬ್ಯಾಡ.
ಹೆಸರ ಹಿಡದ ಕರೀತಿರು.
"ಸಾಬಣ್ಣಾ, ಏ ಸಾಬಣ್ಣಾ..."
ನೀರ ಕುಡಸಬ್ಯಾಡ.
ಅಲ್ಲಿ ಸುಮ್ಮನಾದಳು.
"ನೀರ ಕೇಳಲತಾನವ್ವಾ."
ಬ್ಯಾಡ.
"ಒಂದ ಗುಟುಕು."

ಮರಾಠಿಯಲ್ಲಿ ಇದನ್ನು ಸಾವಿರ ಸಲ ಹೇಳಿದ್ದೇನೆ,
ಚೀಟಿಯ ಮೇಲಿನ ವಾಕ್ಯ, ನಾಲಿಗೆಗೆ ತಾಗದೆ ಹೋಗುತ್ತದೆ.
ಕನ್ನಡದಲ್ಲಿ ಮೊದಲ ಸಲ.
ನಮ್ಮಜ್ಜಿ, ಬಾಕಿ ವಸೂಲಿಗೆ ಬಂದ ಬಳೆಗಾರನಿಗೂ
ಮೊದಲು ತಂಬಿಗೆ ನೀರು ಕೊಟ್ಟು
ಆಮೇಲೆ ಜಗಳ ತೆಗೆಯುತ್ತಿದ್ದಳು.
ಅವಳ ಮಾತಿನಲ್ಲೇ ಬ್ಯಾಡ, ಬ್ಯಾಡ, ಬ್ಯಾಡ ಅಂದೆ.
ಅರಿವಿ ತೋಯ್ಸಿ ತುಟಿಗೆ ಹಚ್ಚು, ಅಂತಲೂ ಅಂದೆ.
ಅದು ಚೀಟಿಯಲ್ಲಿಲ್ಲ. ಕರೆ ರೆಕಾರ್ಡ್ ಆಗಿದೆ,
ಕೇಳುವವರು ಕೇಳಲಿ.

ಸೈರನ್ ಅವಳ ಫೋನಿನೊಳಗಿಂದ ನನ್ನ ಕಿವಿಗೆ ಬಂತು.
"ಬಂದ್ರು," ಅಂದಳು. ಇಟ್ಟುಬಿಟ್ಟಳು.

ತಲುಪಿದ್ದು ಎರಡು ಮೂವತ್ತಾರು.
ಸಸೂನಿನಲ್ಲಿ ಇಳಿಸಿದ್ದು ಮೂರು ಇಪ್ಪತ್ತು.
ಓಡಿದ್ದು ಇಪ್ಪತ್ತೆರಡು ಕಿಲೋಮೀಟರು.
ವಶಕ್ಕೆ ಪಡೆದವರ ಸಹಿ ಓದಲು ಬರುವುದಿಲ್ಲ.
ಭಾಷೆ ಅನ್ನುವ ಖಾನೆಯಲ್ಲಿ 'ಇತರೆ' ಒತ್ತಿದೆ.
ಸಹಿಯ ಆಚೆಗೆ ನನ್ನ ಫಾರ್ಮಿನಲ್ಲಿ ಖಾನೆಯಿಲ್ಲ.

ಬೆಳಿಗ್ಗೆ ಗವ್ಹಾಣೆಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ.
ಆ ಹೊತ್ತಿಗೆ ಅವನು ಗಾಡಿಯ ಹಿಂಬದಿ ತೊಳೆಯುತ್ತಿರುತ್ತಾನೆ,
ಬಕೆಟ್ಟು ಬಕೆಟ್ಟು ನೀರು ಸುರಿದು.