ಸಾಲ ತಂದ ನಾಲ್ಕು ವರ್ಷ

ಬೈಕಂಪಾಡಿಯ ಯಾರ್ಡಿನಲ್ಲಿ ಬೆಳಿಗ್ಗೆ ಆರಕ್ಕೆ
ಯಮನೂರ ಚಕ್ರಗಳನ್ನು ಬಡಿದು ನೋಡುತ್ತಾನೆ,
ಹತ್ತಕ್ಕೆ ಹತ್ತನ್ನೂ.
ಒಂಬತ್ತನೆಯದರ ಹತ್ತಿರ ಕಿವಿಯಿಟ್ಟು ನಿಂತು
'ಇದು ಸುಳ್ಳು ಹೇಳಾಕತ್ತೈತ್ರಿ ಅಬ್ಬಾರ' ಅನ್ನುತ್ತಾನೆ.
ಗಾಳಿ ಕಡಿಮೆ ಅಂತ ಅರ್ಥ.
ಇದಿನಬ್ಬ ಎಂಬ ನನ್ನ ಹೆಸರನ್ನು ಅರ್ಧ ಕತ್ತರಿಸಿ
ಅಬ್ಬಾರ ಮಾಡಿಟ್ಟಿದ್ದಾನೆ ಈ ಕೊಪ್ಪಳದ ಹುಡುಗ.

ಲಾರಿ ಅವನಿಗೆ ಬರುತ್ತದೆ. ಅದರಲ್ಲಿ ಎರಡು ಮಾತಿಲ್ಲ.
ಕ್ಲಚ್ಚು ಬಿಡುವುದು ಹೇಗೆಂದರೆ
ನಿದ್ದೆ ಹೋದ ಮಗುವಿನ ತಲೆಯಡಿಯಿಂದ
ಕೈ ಎಳೆದುಕೊಂಡ ಹಾಗೆ.
ಒಮ್ಮೆ ಗುಂಡ್ಯದಲ್ಲಿ ನನಗೆ ಚಳಿಜ್ವರ,
ಏಳು ತಿರುವು ಏರಿಸಿದವ ಅವನೇ.
ನಾನು ಕಣ್ಣು ಮುಚ್ಚಿಕೊಂಡಿದ್ದೆ.
ಅದನ್ನು ಎಲ್ಲಿಯೂ ಬರೆಯುವುದು ಬೇಡ ಮಾರಾಯ್ರೆ.

ಕಾನೂನಿನ ಲೆಕ್ಕ ಬೇರೆ:
ಹದಿನೆಂಟಕ್ಕೆ ಕಾರು,
ಆ ಕಾರ್ಡು ಹಿಡಿದು ಒಂದು ವರ್ಷ ಕಾಯಬೇಕು,
ಇಪ್ಪತ್ತು ತುಂಬದೆ ಲಾರಿಯ ಲೈಸೆನ್ಸು ಇಲ್ಲ.
ಯಮನೂರನಿಗೆ ಐದು ತಿಂಗಳು ಕಡಿಮೆ.

ಆರ್‌ಟಿಓ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ
ಬ್ರೋಕರ್ ಡೊಂಬಯ್ಯ ನಕ್ಕ.
'ಐದು ತಿಂಗಳು ಎಂತದ್ದು? ಐದು ಸಾವಿರ ಕೊಡಿ.
ಇವನನ್ನು ಒಂದು ವರ್ಷ ಮೊದಲೇ ಹುಟ್ಟಿಸುವ.'
ಹುಡುಗ ನನ್ನ ಮುಖ ನೋಡಿದ.
ಚೀಟಿಯ ಹಣ ಅಂಗಿಯ ಒಳಜೇಬಿನಲ್ಲಿತ್ತು,
ಮೇಲಿನಿಂದ ಪಿನ್ನು.

ನಾನೂ ಇಂಥ ಅಂಗಡಿಯೆದುರು ನಿಂತವ.
ಹಂಚಿನ ಫ್ಯಾಕ್ಟರಿಯ ಚಿಮಣಿಗೆ ಸಿಡಿಲು ಬಡಿದ ವರ್ಷ
ನೀನು ಹುಟ್ಟಿದ್ದು ಅಂತ ಉಮ್ಮ ಹೇಳುತ್ತಿದ್ದರು.
ಸಿಡಿಲಿಗೆ ಸರ್ಟಿಫಿಕೇಟು ಉಂಟಾ?
ಹದಿನಾರಕ್ಕೆ ಮೀಸೆಗೆ ಮಸಿ ಹಚ್ಚಿ ಫೋಟೋ ತೆಗೆಸಿ
ಇಪ್ಪತ್ತು ಅಂತ ಬರೆಸಿದೆ.
ಬಂದರಿನಲ್ಲಿ ಹಂಚು ತುಂಬಿಕೊಂಡು ಹೊರಟ ದಿನ
ಏನು ಗತ್ತು ಅಂತೀರಿ!
ನಾಲ್ಕು ವರ್ಷ ಸಾಲ ತಂದಿದ್ದೇನೆ ಅಂತ
ಆಗ ಗೊತ್ತಿರಲಿಲ್ಲ.

ಸಾಲ ಕೊಟ್ಟವ ಮರೆಯಲಿಲ್ಲ.
ಮೊನ್ನೆ ಧಣಿ ಕರೆದು, ಕನ್ನಡಕ ಹಣೆಗೇರಿಸಿ,
ಕಾರ್ಡನ್ನು ಬೆಳಕಿಗೆ ಹಿಡಿದು ಓದಿದರು:
'ಅರವತ್ತಾಯ್ತಲ್ಲ ಇದಿನಬ್ಬ.
ಅರವತ್ತರ ಮೇಲೆ ಇಟ್ಟುಕೊಳ್ಳುವ ಕ್ರಮ ನಮ್ಮಲ್ಲಿ ಇಲ್ಲ.
ತಿಂಗಳ ಕೊನೆಯವರೆಗೆ ನೋಡುವ.'
ನನ್ನ ಮೊಣಕಾಲಿಗೆ ಐವತ್ತಾರು. ಕಣ್ಣಿಗೂ ಐವತ್ತಾರೇ.
ಮಾತು ಹಲ್ಲಿನವರೆಗೆ ಬಂತು.
ಹೇಳಿದರೆ ಇಷ್ಟು ವರ್ಷ ಓಡಿಸಿದ್ದೆಲ್ಲ
ಸುಳ್ಳು ಕಾರ್ಡಿನ ಓಟ ಆಗುತ್ತದಲ್ಲ?
'ಹೌದು ಧಣಿ, ಅರವತ್ತು' ಅಂದೆ.

ಡೊಂಬಯ್ಯನಿಗೆ ಬೇಡ ಅಂದೆ.
ಯಾಕೆ ಬೇಡ ಅಂತ ಹುಡುಗನಿಗೆ ಹೇಳಲಿಲ್ಲ.
ಬಸ್ಸು ಕೂಳೂರು ಸೇತುವೆ ದಾಟುವವರೆಗೂ
ಅವನು ಕಿಟಕಿಯ ಕಡೆಗೆ ಕೂತಿದ್ದ,
ಕತ್ತಿನ ನರ ಉಬ್ಬಿಸಿಕೊಂಡು.
ಪಣಂಬೂರಿನಲ್ಲಿ ಕಲ್ಲಿದ್ದಲು ಲಾರಿಗಳ ಸಾಲು ಕಂಡ ಮೇಲೆ
'ಐದು ತಿಂಗ್ಳು ಅಂದ್ರ ಎಷ್ಟು ಟ್ರಿಪ್ಪಾಗ್ತಾವ್ರಿ?' ಅಂದ.
ಬೆರಳು ಮಡಚಿ ಲೆಕ್ಕ ಹಾಕಿದೆ.
ಹಾಸನಕ್ಕಾದರೆ ಐವತ್ತು,
ಒಂಬತ್ತನೇ ಚಕ್ರ ಸರಿಯಿದ್ದರೆ.
ಆ ಐವತ್ತರಲ್ಲಿ ಅವನ ಪಕ್ಕದ ಸೀಟಿನಲ್ಲಿ
ಯಾರಿರುತ್ತಾರೋ,
ಅವನಿಗೆ ಗಿಯರು ಮುಟ್ಟಲು ಬಿಡುತ್ತಾರೋ.

ಸಂಜೆ ಲಾರಿಯನ್ನು ಗೋಡೆಯ ಕಡೆಗೆ
ಹಿಂದೆ ತೆಗೆಯುವಾಗ
ಕನ್ನಡಿಯಲ್ಲಿ ಅವನು, ಧೂಳಿನ ನಡುವೆ,
ಎರಡೂ ಕೈ ಎತ್ತಿ ಕರೆಯುತ್ತಾ:
'ಬರ್ರಿ, ಬರ್ರಿ, ಇನ್ನಾ ಜಾಗ ಐತ್ರಿ.'

ನನಗೆ ಗೋಡೆ ಕಾಣುತ್ತಿತ್ತು.
ಆದರೂ ಬಿಟ್ಟೆ,
ಇನ್ನೊಂದು ಅಡಿ.