ತಂತಿಯಿಲ್ಲದ ತಿರುವು

ಯಾವ ಆಟ ಆಡ್ತೀರಿ, ಅದನ್ನ ಹೇಳಿ ಮೊದಲು,
ಅಂದ ಎರ್ಬೋಲ್, ಗಾಜಿನ ಕಪಾಟಿನ ಹಿಂದಿನಿಂದ.
ಮಗನಿಗಾ, ಅಂತ ಕೇಳಲಿಲ್ಲ.
ಉಳಿದ ಮೂರು ಅಂಗಡಿಯವರು ಕೇಳಿದ್ದರು.
ಅಷ್ಟಕ್ಕೇ ಇವನಲ್ಲೇ ಕೊಳ್ಳುವುದೆಂದು ನಿಶ್ಚಯಿಸಿದೆ.

ಬಸ್ಸು ಓಡಿಸೋ ಆಟ, ಅಂದೆ.
ನನ್ನ ಕೋಟಿನ ಮೇಲಿನ ಡಿಪೋ ಬಿಲ್ಲೆ ನೋಡಿದ,
ನಗೆಯನ್ನು ಕೆನ್ನೆಯೊಳಗೇ ಅಗಿದು ನುಂಗಿದ.
ಹತ್ತೊಂಬತ್ತು ವರ್ಷದಿಂದ ಉಲಾನ್‌ಬಾತರಿನಲ್ಲಿ
ಟ್ರಾಲಿಬಸ್ಸಿನ ಚಕ್ರ ಹಿಡಿದವಳು
ಮನೆಗೆ ಹೋಗಿ, ಬೂಟು ಬಿಚ್ಚಿ, ಮತ್ತೆ ಬಸ್ಸು!

ಹಳೆಯ ಪಾಳಿ ಚೀಟಿಯ ಬೆನ್ನಲ್ಲಿ ನನ್ನ ಪಟ್ಟಿ,
ನಾಲ್ಕು ತಿಂಗಳು ಹೊಡೆದು ಹಾಕಿ ತಿದ್ದಿದ್ದು.
ಪ್ರೊಸೆಸರ್ ಬೇಗ ಇತ್ಯರ್ಥವಾಯಿತು, ಆರು ಕೋರು ಸಾಕು.
ಮದರ್‌ಬೋರ್ಡು ಎರಡು ವಾರ ನಿದ್ದೆ ತಿಂದಿತು:
ಒಂದರಲ್ಲಿ ಇದು ಕೂರುವುದಿಲ್ಲ, ಇನ್ನೊಂದರಲ್ಲಿ ಅದು,
ಮದುವೆಗೆ ಜಾತಕ ಕೂಡಿಸಿದ ಹಾಗೆ.
ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಮೂರು ಫ್ಯಾನು,
ಅಂಚಿಗೆ ಓಡಾಡುವ ನೇರಳೆ ದೀಪ.
ಬೆಲೆಚೀಟಿ ತಿರುಗಿಸಿ ನೋಡಿ
ಬಿಚ್ಚಿದ್ದ ಕೈಗವಸು ಮತ್ತೆ ಹಾಕಿಕೊಂಡೆ.

ಮೂಗಿಗಿಂತ ಮೂಗುತಿ ಭಾರವಾದರೆ ಹೇಗೆ?
ಹಳೇದು ಇದ್ರೆ ತೋರಿಸಪ್ಪ.
ನಾಣ್ಯ ಹೆಕ್ಕುವ ಯಾವುದೋ ಗೋದಾಮಿನಲ್ಲಿ
ಹಗಲೂ ಇರುಳೂ ದುಡಿದು ಬಂದ ಮೂರು ಕಾರ್ಡು ಇಟ್ಟ.
ಒಂದೊಂದರ ಫ್ಯಾನನ್ನೂ ಬೆರಳಿಂದ ತಿರುವಿ ಕಿವಿಗೆ ಹಿಡಿದೆ.
ಬೇರಿಂಗು ಸವೆದ ಸದ್ದು ನನಗೆ ಯಾರೂ ಕಲಿಸಬೇಕಿಲ್ಲ.
ಎರಡು ಗೊಣಗಿದವು. ಮೂರನೆಯದು ಸುಮ್ಮನೆ ತಿರುಗಿತು.
ದುಡಿದ ಯಂತ್ರದ ಮೇಲೆ ನನಗೆ ತಾತ್ಸಾರವಿಲ್ಲ.

ಗಾಜಿನ ಪಕ್ಕೆಯ ಪೆಟ್ಟಿಗೆ ಬೇಡ, ಕರುಳು ಯಾರಿಗೆ ತೋರಿಸಲಿ?
ಕರಿ ತಗಡಿನದು ಕೊಡು.
ಪವರ್ ಸಪ್ಲೈ ಮಾತ್ರ ಚೌಕಾಸಿಯಿಲ್ಲದೆ ಕೊಂಡೆ.
ತಲೆಯ ಮೇಲಿನ ಕೋಲು ತಂತಿಯಿಂದ ಜಾರಿ
ನಡುರಸ್ತೆಯಲ್ಲಿ ಬಸ್ಸು ಸತ್ತು ನಿಂತಾಗ
ಮೈನಸ್ ಮೂವತ್ತೊಂದರಲ್ಲಿ ಇಳಿದು
ಹಿಂದಿನ ಹಗ್ಗ ಜಗ್ಗುವವಳು ನಾನು.
ಕರೆಂಟು ಅಂದರೇನೆಂದು ನನ್ನ ಬೆರಳುಗಳನ್ನು ಕೇಳಿ.

ದಾವಾಸುರೆನ್ ಓಡಿಸುತ್ತಿದ್ದ ಬಸ್ಸಿನಲ್ಲಿ ಮನೆಗೆ.
ಪ್ರತಿ ಗುಂಡಿಗೂ ಒಂದು ಕ್ಷಣ ಮೊದಲೇ
ಪೆಟ್ಟಿಗೆಯನ್ನು ತೊಡೆಯಿಂದ ಎತ್ತಿ ಹಿಡಿದೆ.
ಪಕ್ಕದವನು ಬೆರಗಾಗಿ ನೋಡಿದ.
ಗುಂಡಿಗಳೆಲ್ಲ ನನ್ನವೇ, ಮಾರಾಯ.

ತಕ್ಷಣ ಬಿಚ್ಚಬೇಡಿ ಅಕ್ಕ, ಅಂದಿದ್ದ ಎರ್ಬೋಲ್,
ಚಳಿಯಿಂದ ಒಳಗೆ ಬಂದ ಲೋಹ ಬೆವರುತ್ತೆ.
ಆರು ತಾಸು.
ಉಪ್ಪಿನ ಚಹಾ ಕಾಸಿದೆ. ಕಾಲುಚೀಲ ಹೊಲಿದೆ.
ಪೆಟ್ಟಿಗೆಗಳು ನೆಲದ ಮೇಲೆ
ತಮ್ಮ ತಮ್ಮ ಚಳಿಯನ್ನು ನಿಧಾನ ಮರೆಯುತ್ತಿದ್ದವು.
ನಾನೂ ಹಾಗೇ ಮರೆಯುವುದು, ದಿನಾ ಸಂಜೆ,
ಬಾಗಿಲ ಬಳಿ ನಿಂತು.

ರಾತ್ರಿ ಎರಡಕ್ಕೆ ಗುಂಡಿ ಒತ್ತಿದೆ. ಸದ್ದಿಲ್ಲ.
ಮತ್ತೆ ಒತ್ತಿದೆ. ಹೊಟ್ಟೆಯಲ್ಲಿ ಕಲ್ಲು.
ಒಂದೊಂದೇ ತಿರುಪು ಬಿಚ್ಚಿ, ಒಂದೊಂದೇ ತಂತಿ ಕಿತ್ತು ಚುಚ್ಚಿ,
ಮೂರೂವರೆಗೆ ಕಂಡೆ: ಹಿಂಬದಿಯ ಪುಟ್ಟ ಸ್ವಿಚ್ಚು
ನಾನೇ ಹಾಕಿರಲಿಲ್ಲ.
ಇದನ್ನು ಡಿಪೋದಲ್ಲಿ ಯಾರಿಗೂ ಹೇಳುವುದಿಲ್ಲ.

ಈಗ ಪರದೆಯ ಮೇಲೆ ಯಾವುದೋ ಊರು, ಸೋನೆಮಳೆ.
ಹೆಸರು ಓದಲು ಬಾರದ ನಿಲ್ದಾಣ, ಹತ್ತು ಜನ ಹತ್ತಿದರು.
ವೃತ್ತದಲ್ಲಿ ದಾರಿಪಟ್ಟಿ ಹೇಳಿತು: ನೇರ.
ಹತ್ತೊಂಬತ್ತು ವರ್ಷ ನನ್ನ ತಂತಿಯೂ ಅದನ್ನೇ ಹೇಳಿತ್ತು.
ಎಡಕ್ಕೆ ತಿರುಗಿಸಿದೆ.

ಕೋಲು ಜಾರಲಿಲ್ಲ. ಕಿಡಿ ಹಾರಲಿಲ್ಲ.
ಮರಗಳ ನಡುವೆ ಇಳಿಜಾರು ರಸ್ತೆ, ಯಾರೂ ಬೈಯಲಿಲ್ಲ.
ಎಷ್ಟೋ ಹೊತ್ತಿನ ಮೇಲೆ
ಹಿಂದಿನ ಸೀಟಿನಿಂದ ಯಾರೋ ಗಂಟೆ ಒತ್ತಿದರು.

ನಿಲ್ಲಿಸಿದೆ.
ಬಾಗಿಲು ತೆರೆದೆ, ಇಳಿಯುವವರೆಗೆ ಕಾದೆ.